ಹಳೆ ಡ್ರೈವರ್ ಹೋಯ್ತು ಅಂದ್ರೆ ಹಳೆ ಕಂಪ್ಯೂಟರ್ ಹೋಯ್ತು ಅಂತಲ್ಲ

ಪ್ರಶ್ನೆ: ಚಿಕ್ಕಮಗಳೂರಲ್ಲಿ ನಮ್ಮದು ಕಾಫಿ ಖರೀದಿ ಅಂಗಡಿ. ಲೆಕ್ಕವೆಲ್ಲ ಡೆಬಿಯನ್ (ಲಿನಕ್ಸಿನ ಒಂದು ಬಗೆ) ಹಾಕಿರುವ ಹಳೆ ಕಂಪ್ಯೂಟರಲ್ಲಿದೆ, ಹಾರ್ಡ್ ಡಿಸ್ಕ್ ಐಡಿಇ, ಅಂದ್ರೆ ಹಳೆ ಕಾಲದ ಅಗಲ ಕೇಬಲ್‌ನದು. ಲಿನಕ್ಸ್ ಕರ್ನಲ್‌ನಿಂದ (ಸಿಸ್ಟಮ್‌ನ ತಿರುಳಿನಿಂದ) ಐಡಿಇ ಡ್ರೈವರ್ (ಆ ಡಿಸ್ಕ್ ನಡೆಸುವ ಸಾಫ್ಟ್‌ವೇರ್) ತೆಗೆದಿದ್ದಾರೆ, ಅಪ್‌ಡೇಟ್ ಮಾಡಿದ್ರೆ ಡಿಸ್ಕೇ ಕಾಣಲ್ಲ, ಹೊಸ ಕಂಪ್ಯೂಟರ್ ತಗೊಳ್ಳಿ ಅಂತ ರಿಪೇರಿಯವರು ಹೇಳ್ತಿದ್ದಾರೆ. ನಿಜಾನಾ ಸರ್?

ಉತ್ತರ: ಅರ್ಧ ಸತ್ಯ, ಅದನ್ನೇ ಹೇಳಿ ಹೊಸ ಮಾಲು ಮಾರುತ್ತಾರೆ. ಹಾಸನದಿಂದಲೂ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ, ಓದಿದಾಗೆಲ್ಲ ಸಿಟ್ಟು ಬರುತ್ತದೆ.

2021ರ 5.14 ಕರ್ನಲ್‌ನಲ್ಲಿ ಹಳೆ ಐಡಿಇ ಡ್ರೈವರ್ ತೆಗೆದದ್ದು ನಿಜ. ಆದರೆ ಅದೇ ಡಿಸ್ಕನ್ನು ನಡೆಸುವ ಲಿಬಾಟಾ ಅನ್ನುವ ಇನ್ನೊಂದು ಡ್ರೈವರ್ ವ್ಯವಸ್ಥೆ ಅದಕ್ಕೂ ಎಷ್ಟೋ ವರ್ಷ ಮೊದಲೇ ಬಂದಿದೆ. ನಿಮ್ಮ ಡಿಸ್ಕಿನ ಹೆಸರು ‘ಎಸ್‌ಡಿಎ’ (sda) ಅಂತ ಕಾಣುತ್ತಿದ್ದರೆ ನೀವು ಆಗಲೇ ಲಿಬಾಟಾ ಬಳಸುತ್ತಿದ್ದೀರಿ. ಹಳೆ ಡ್ರೈವರ್ ಆಗಿದ್ದರೆ ‘ಎಚ್‌ಡಿಎ’ (hda) ಅಂತ ಇರುತ್ತಿತ್ತು. ಇಷ್ಟನ್ನು ನೋಡದೆ ಬಾಯಿಗೆ ಬಂದದ್ದು ಹೇಳುವವರ ಕೈಗೆ ಕಂಪ್ಯೂಟರ್ ಕೊಡಬೇಡಿ.

ವಯಸ್ಸಾಯಿತು ಅಂತ ಯಾರೂ ಡ್ರೈವರ್ ತೆಗೆಯುವುದಿಲ್ಲ. ಕರ್ನಲ್ ಒಳಗೆ ಏನಾದರೂ ಬದಲಾದಾಗೆಲ್ಲ ಡ್ರೈವರನ್ನೂ ಅದಕ್ಕೆ ಹೊಂದಿಸಬೇಕು, ಹೊಂದಿಸಿದ್ದು ಸರಿಯಾಯಿತಾ ಅಂತ ನೋಡೋಕೆ ಆ ಹಾರ್ಡ್‌ವೇರ್ ಯಾರ ಹತ್ತಿರವಾದರೂ ಇರಬೇಕು, ಅಂಥವರು ಯಾರೂ ಉಳಿದಿಲ್ಲ ಅಂದ್ರೆ ಅದರ ತಪ್ಪುಗಳು ಯಾರ ಕಣ್ಣಿಗೂ ಬೀಳದೆ ಹಾಗೇ ಉಳಿಯುತ್ತವೆ. 2023ರಲ್ಲಿ 6.3 ಕರ್ನಲ್‌ನಿಂದ ಸಿಸ್, ವಿಯಾ, ಸ್ಯಾವೇಜ್ ಗ್ರಾಫಿಕ್ಸ್‌ನ ಹಳೆ ಡ್ರೈವರ್‌ಗಳು ಹೋದವು. ಅವನ್ನು ಬಳಸುತ್ತಿದ್ದ ಮೆಸಾ (ಲಿನಕ್ಸಿನಲ್ಲಿ ಗ್ರಾಫಿಕ್ಸ್ ಬಿಡಿಸುವ ಸಾಫ್ಟ್‌ವೇರ್) 2012ರಲ್ಲೇ ಅವುಗಳ ಕೈಬಿಟ್ಟಿತ್ತು! ಬಳಸುವವರು ಇದ್ದಾರೆ ಅಂತ ಗೊತ್ತಾದರೆ ವಾಪಸ್ ಸೇರಿಸುವುದೂ ಉಂಟು. ಸಿಡಿ, ಡಿವಿಡಿಗೆ ಬರೆಯುವ ಪಿಕೆಟಿಸಿಡಿವಿಡಿ (pktcdvd) ಡ್ರೈವರ್ 2023ರಲ್ಲಿ ಹಾಗೇ ವಾಪಸ್ ಬಂದಿತ್ತು.

ನೀವು ನಿಜವಾಗಿ ನೋಡಬೇಕಾದದ್ದು ಪ್ರೊಸೆಸರ್. ಅದು 32 ಬಿಟ್‌ನದಾದರೆ ಡೆಬಿಯನ್ 13 ಹಾಕೋಕೆ ಹೋಗಬೇಡಿ, ಅದರಲ್ಲಿ 32 ಬಿಟ್ ಪಿಸಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಸದ್ಯ 12ರಲ್ಲೇ ಇರಿ. ಪ್ರೊಸೆಸರೂ ಹಾಕಿರುವ ಡೆಬಿಯನ್ನೂ 64 ಬಿಟ್ ಆದರೆ ಅಪ್‌ಡೇಟ್ ಮಾಡಿ, ಆದರೆ ಹಳೆ ಕರ್ನಲ್ ಅಳಿಸಬೇಡಿ, ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಇರಲಿ. ನನಗೆ ಭಯ ಇರುವುದು ಡ್ರೈವರ್ ಬಗ್ಗೆ ಅಲ್ಲ, ಅಷ್ಟು ಹಳೆ ಡಿಸ್ಕಿನಲ್ಲಿ ಬೆಳೆಗಾರರ ಲೆಕ್ಕ ಇಟ್ಟಿದ್ದೀರಲ್ಲ, ಅದರ ಬಗ್ಗೆ. ಇವತ್ತೇ ಬೇರೆ ಕಡೆ ಕಾಪಿ ಮಾಡಿ, ಉಳಿದದ್ದೆಲ್ಲ ಆಮೇಲೆ.

ಪ್ರಶ್ನೆ: ಬೇಡದ ಡ್ರೈವರ್ ಫೈಲುಗಳನ್ನು ನಾವೇ ಅಳಿಸಿದರೆ ಸ್ಪೀಡ್ ಜಾಸ್ತಿ ಆಗುತ್ತಾ? (ಸಕಲೇಶಪುರ)

ಉತ್ತರ: ಇಲ್ಲ. ಲೋಡ್ ಆಗದ ಮಾಡ್ಯೂಲ್ (ಡ್ರೈವರ್ ಫೈಲು) ಡಿಸ್ಕಿನಲ್ಲಿ ಸುಮ್ನೆ ಬಿದ್ದಿರುತ್ತದೆ. ವಿಡಿಯೊ ನೋಡಿ ಕೈ ಹಾಕಬೇಡಿ.

ಪ್ರಶ್ನೆ: ಹಳೆ ಕರ್ನಲ್‌ನ ಡ್ರೈವರ್ ಫೈಲನ್ನು ಹೊಸದಕ್ಕೆ ಕಾಪಿ ಮಾಡಬಹುದಾ? (ಅರಸೀಕೆರೆ)

ಉತ್ತರ: ಆಗಲ್ಲ. ಯಾವ ಕರ್ನಲ್‌ಗೆ ಕಂಪೈಲ್ ಆಗಿದೆಯೋ ಅದಕ್ಕೇ ಸರಿ.

ಪ್ರಶ್ನೆ: ಪ್ಯಾರಲಲ್ ಪೋರ್ಟಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಎಸೆಯಬೇಕಾ? (ಕಡೂರು)

ಉತ್ತರ: ಯಾಕೆ ಎಸೀತೀರಿ? ಆ ಪೋರ್ಟಿನ ಡ್ರೈವರ್ ಕರ್ನಲ್‌ನಲ್ಲಿ ಇನ್ನೂ ಇದೆ.