ಕಾಲೇಜು ಗ್ರಂಥಪಾಲಕರು ಮಾಹಿತಿ ಸಾಕ್ಷರತೆಯನ್ನು ಹೇಗೆ ಕಲಿಸುತ್ತಾರೆ?

ವಿದ್ಯಾರ್ಥಿ ಬರೆಯುತ್ತಿರುವ ಪ್ರಬಂಧವನ್ನೇ ಮುಂದಿಟ್ಟುಕೊಂಡು ಕಲಿಸುತ್ತಾರೆ: ಮಾಹಿತಿ ಹುಡುಕುವುದು, ಅದು ನಂಬಲರ್ಹವೇ ಎಂದು ತೂಗಿ ನೋಡುವುದು, ಮೂಲವನ್ನು ಹೆಸರಿಸಿ ಬಳಸುವುದು.

ಮಾಟುಂಗದ ಉಡುಪಿ ಹೋಟೆಲುಗಳ ಬಗ್ಗೆ ಬರೆಯಹೊರಟ ಮುಂಬೈ ಕನ್ನಡ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ಇಂಗ್ಲಿಷಿನಲ್ಲಿ ‘ಮುಂಬೈ’ ಎಂದಷ್ಟೇ ಹುಡುಕಿದರೆ 1995ಕ್ಕೆ ಮೊದಲಿನ ಬಹುಪಾಲು ಬರಹಗಳು ಕೈತಪ್ಪುತ್ತವೆ. ಆಗ ಊರಿನ ಅಧಿಕೃತ ಇಂಗ್ಲಿಷ್ ಹೆಸರು ‘ಬಾಂಬೆ’. ಉಡುಪಿಯೂ ಎಷ್ಟೋ ಕಡೆ ‘ಉಡಿಪಿ’ ಆಗಿರುತ್ತದೆ. ಗ್ರಂಥಾಲಯದ ಕ್ಯಾಟಲಾಗ್ ಮುಖ್ಯವಾಗಿ ನಾವು ಕೊಟ್ಟ ಅಕ್ಷರಗಳನ್ನೇ ಹೊಂದಿಸಿ ನೋಡುತ್ತದೆ, ನಮ್ಮ ಮನಸ್ಸಿನಲ್ಲಿರುವುದನ್ನಲ್ಲ. ಆದ್ದರಿಂದಲೇ ಮೊದಲು ಪರ್ಯಾಯ ಪದಗಳನ್ನು ಬರೆಸುತ್ತಾರೆ.

ಆಮೇಲೆ ಶೋಧಗಂಗಾದಲ್ಲಿ, ಅಂದರೆ ಭಾರತದ ಪಿಎಚ್‌.ಡಿ. ಪ್ರಬಂಧಗಳ ಮುಕ್ತ ಭಂಡಾರದಲ್ಲಿ, ವಿಷಯಕ್ಕೆ ಹತ್ತಿರದ ಒಂದನ್ನು ತೆರೆದು ಅದರ ಗ್ರಂಥಸೂಚಿಯ ಜಾಡು ಹಿಡಿಯಲು ತೋರಿಸಿಕೊಡುತ್ತಾರೆ. ನನ್ನ ಮಟ್ಟಿಗೆ ಇದೇ ಅತ್ಯಂತ ಬೆಲೆಬಾಳುವ ಪಾಠ.