ಬ್ಯಾಂಕ್ ಲೈಸೆನ್ಸ್ ಕೊಡುವ ಅಧಿಕಾರಿಯ ಕೆಲಸ ಹೇಗಿರುತ್ತೆ?

ರಿಸರ್ವ್ ಬ್ಯಾಂಕಿನಲ್ಲಿ ಹೊಸ ಬ್ಯಾಂಕ್‌ಗಳಿಗೆ ಲೈಸೆನ್ಸ್ ಕೊಡುವ ವಿಭಾಗದಲ್ಲಿ ದೊಡ್ಡ ಹುದ್ದೆಗೆ ಹೋಗೋದು ಹೇಗೆ, ಅಲ್ಲಿ ನಿಜಕ್ಕೂ ಏನು ಕೆಲಸ ಅಂತ ಕೇಳಿದ್ದೀರಿ. ನಾನು ಆ ವಿಭಾಗದಲ್ಲಿದ್ದು ನಿವೃತ್ತನಾದವನು, ಹೇಳ್ತೀನಿ.

ಮೊದಲು ರಿಸರ್ವ್ ಬ್ಯಾಂಕ್ ತನ್ನ ಅಧಿಕಾರಿಗಳನ್ನು ಆರಿಸಿಕೊಳ್ಳುವ ಗ್ರೇಡ್ ಬಿ ಪರೀಕ್ಷೆ. ಎರಡು ಹಂತ, ಆಮೇಲೆ ಸಂದರ್ಶನ. ಸೇರಿದ ಮೇಲೆ ಎಜಿಎಂ (ಅಸಿಸ್ಟೆಂಟ್ ಜನರಲ್ ಮ್ಯಾನೇಜರ್), ಡಿಜಿಎಂ (ಡೆಪ್ಯುಟಿ), ಜಿಎಂ, ಸಿಜಿಎಂ (ಚೀಫ್) ಅಂತ ಬಡ್ತಿ. ಲೈಸೆನ್ಸ್ ಕೆಲಸಕ್ಕೆ ಅಂತಲೇ ಬೇರೆ ಪರೀಕ್ಷೆ ಇಲ್ಲ, ವರ್ಗವಾಗಿ ಬರಬೇಕು.

ಆದರೆ ನಾನು ಈ ಕೆಲಸ ಕಲಿತಿದ್ದು ಅಲ್ಲಿಗೆ ಬರುವ ಮೊದಲೇ, ತಪಾಸಣೆಗೆ ಸುತ್ತುವಾಗ. ಒಂದು ಸಣ್ಣ ಸಹಕಾರಿ ಬ್ಯಾಂಕಿನ ಮೇಲೆ ಠೇವಣಿ ಹಣ ಕೊಡದಂತೆ ನಿರ್ಬಂಧ ಬಿದ್ದಿತ್ತು. ನಾವು ಒಳಗೆ ಕೂತು ಸಾಲದ ಫೈಲ್ ನೋಡುತ್ತಿದ್ದೆವು. ಕೌಂಟರಿನಲ್ಲಿ ವಯಸ್ಸಾದ ಒಬ್ಬ ಹೆಂಗಸು ಪ್ಲಾಸ್ಟಿಕ್ ಕವರಿನಿಂದ ಎಫ್‌ಡಿ ರಸೀದಿ ತೆಗೆದು, ಮಡಿಕೆ ಬಿಡಿಸಿ, "ಸೀಲ್ ಇದೆಯಲ್ಲಪ್ಪಾ, ಮತ್ಯಾಕೆ ಕೊಡಲ್ಲ ಅಂತೀರಿ?" ಎಂದು ಗುಮಾಸ್ತನನ್ನು ಕೇಳುತ್ತಿದ್ದರು. ಆಗ ಠೇವಣಿ ವಿಮೆ, ಅಂದರೆ ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ ಸಿಗುವ ಹಣ, ಇದ್ದಿದ್ದು ಒಂದು ಲಕ್ಷಕ್ಕೆ ಮಾತ್ರ. 5 ಲಕ್ಷ ಆಗಿದ್ದು 2020ರ ಫೆಬ್ರವರಿಯಲ್ಲಿ. ಅವರ ರಸೀದಿಯಲ್ಲಿದ್ದ ಮೊತ್ತ ಒಂದು ಲಕ್ಷಕ್ಕಿಂತ ಜಾಸ್ತಿ ಇತ್ತು.

1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 22ನೇ ಕಲಂ ತೆಗೆದು ನೋಡಿ. ಲೈಸೆನ್ಸ್ ಕೊಡುವ ಮುನ್ನ ರಿಸರ್ವ್ ಬ್ಯಾಂಕ್ ನೋಡಬೇಕಾದ ಮೊದಲ ವಿಷಯವೇ ಅದು: ಠೇವಣಿದಾರರು ಕೇಳಿದಾಗ ಪೂರ್ತಿ ಹಣ ಕೊಡುವ ಶಕ್ತಿ ಈ ಕಂಪನಿಗೆ ಇರುತ್ತಾ? ಪ್ರತಿ ಅರ್ಜಿ ಓದುವಾಗಲೂ ನನ್ನ ಕಣ್ಣ ಮುಂದೆ ಆ ರಸೀದಿ ಇರುತ್ತಿತ್ತು.

ದಿನದ ಕೆಲಸ ಅಂದರೆ ಓದೋದು, ಬರೆಯೋದು. ಪ್ರವರ್ತಕರ, ಅಂದರೆ ಬ್ಯಾಂಕ್ ಶುರು ಮಾಡಲು ಹೊರಟವರ, ಹಣ ಎಲ್ಲಿಂದ ಬಂತು? ಒಂದು ಕಂಪನಿಯ ಷೇರು ಇನ್ನೊಂದರ ಕೈಲಿ, ಅದರದ್ದು ಮತ್ತೊಂದರ ಕೈಲಿ. ಕೊನೆಯಲ್ಲಿ ಇರುವ ಮನುಷ್ಯ ಯಾರು ಅಂತ ಗೊತ್ತಾಗೋವರೆಗೂ ಬಿಡುವ ಹಾಗಿಲ್ಲ. ಆದಾಯ ತೆರಿಗೆ ಇಲಾಖೆ, ಸಿಬಿಐ, ಇಡಿ ಇವರ ಅಭಿಪ್ರಾಯವನ್ನೂ ಕೇಳೋದುಂಟು. ಜೊತೆಗೆ ಮುಂದಿನ ವರ್ಷಗಳ ಅಂದಾಜು ಲೆಕ್ಕ. ಸಾಲ ವರ್ಷವರ್ಷ ಜೋರಾಗಿ ಬೆಳೆಯುತ್ತೆ, ಆದರೆ ವಸೂಲಾಗದ ಸಾಲ ಮಾತ್ರ ಅಲ್ಲಾಡದೆ ನಿಂತಿದೆ! ಅಂಥ ಪುಟ ಕಂಡರೆ ಪೆನ್ಸಿಲಲ್ಲಿ ಗೆರೆ ಎಳೆದು, ಅರ್ಜಿದಾರರಿಗೆ ಪತ್ರ ಬರೆಸುತ್ತಿದ್ದೆ.

ಅಧಿಕಾರ ಜಾಸ್ತಿ ಅಲ್ವಾ ಅಂತಲೂ ಕೇಳಿದ್ದೀರಿ. ಒಬ್ಬ ಅಧಿಕಾರಿ ಒಂಟಿಯಾಗಿ ಲೈಸೆನ್ಸ್ ಕೊಡಲು ಆಗಲ್ಲ. ಹೊಸ ಖಾಸಗಿ ಬ್ಯಾಂಕ್‌ಗಳಿಗೆ ಲೈಸೆನ್ಸ್ ಕೊಡಲು ಹೊರಟ 2013ರ ಮಾರ್ಗಸೂಚಿಯ ಸುತ್ತು ನೆನಪಿರಬಹುದು. ಕನಿಷ್ಠ ಬಂಡವಾಳ 500 ಕೋಟಿ ರೂಪಾಯಿ. ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ಬಿಮಲ್ ಜಲಾನ್ ಅವರ ಸಮಿತಿ 25 ಅರ್ಜಿ ನೋಡಿತು. 2014ರ ಏಪ್ರಿಲ್‌ನಲ್ಲಿ ತಾತ್ವಿಕ ಒಪ್ಪಿಗೆ ಸಿಕ್ಕಿದ್ದು ಐಡಿಎಫ್‌ಸಿ ಮತ್ತು ಬಂಧನ್, ಎರಡಕ್ಕೇ. ಅದೂ ಲೈಸೆನ್ಸ್ ಅಲ್ಲ. 18 ತಿಂಗಳೊಳಗೆ ಎಲ್ಲ ಷರತ್ತು ಪೂರೈಸಿದರೆ ಮಾತ್ರ ಲೈಸೆನ್ಸ್. ಇಷ್ಟು ಬಿಗಿ ಬೇಕಾ ಅಂತ ಕೇಳಿದವರಿದ್ದಾರೆ. ಬೇಕು ಅಂತಲೇ ನನ್ನ ಅಭಿಪ್ರಾಯ. ಕೊಡದೆ ಇರೋದು ಸುಲಭ, ಕೊಟ್ಟ ಮೇಲೆ ಕಿತ್ತುಕೊಂಡರೆ ಪೆಟ್ಟು ಬೀಳೋದು ಠೇವಣಿ ಇಟ್ಟವರಿಗೆ.

ಪ್ರಾಮಾಣಿಕರಾಗಿದ್ದೂ ಬಂಡವಾಳ ಸಾಲದವರಿಗೆ ಬೇಡ ಅಂತ ಬರೆಯೋದು ಮಾತ್ರ ಕೊನೆಯವರೆಗೂ ಕಷ್ಟವಾಗುತ್ತಿತ್ತು. ಅಂಥ ಟಿಪ್ಪಣಿಯನ್ನು ಎರಡು ಸಲ ಬರೆದು, ಮಾರನೇ ದಿನ ಇನ್ನೊಮ್ಮೆ ಓದಿಯೇ ಸಹಿ ಹಾಕುತ್ತಿದ್ದೆ.

ನೀವು ಪರೀಕ್ಷೆ ಪಾಸಾಗಿ ಸೇರಿದರೆ, ಮೊದಲ ವರ್ಷಗಳಲ್ಲಿ ತಪಾಸಣೆಯ ಕೆಲಸ ಸಿಕ್ಕಾಗ ಬೇಡ ಅನ್ನಬೇಡಿ. ಓಡಾಟ ಜಾಸ್ತಿ, ನಿಜ. ಆದರೂ ಹೋಗಿ, ಮಧ್ಯೆ ಸ್ವಲ್ಪ ಹೊತ್ತು ಕೌಂಟರ್ ಹತ್ತಿರ ನಿಂತುಕೊಳ್ಳಿ.