ಟರ್ಮಿನಲ್‌ನಲ್ಲಿ ‘ಬಟವಾಡೆ’ ಕಾಣುತ್ತಿಲ್ಲ, ಫೈಲು ಹಾಳಾಯಿತೇ?

ಪ್ರಶ್ನೆ: ಅಮ್ಮತ್ತಿ ಹತ್ತಿರದ ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ವಾರದ ಲೆಕ್ಕದ ಫೈಲುಗಳಿಗೆ ‘ಬಟವಾಡೆ’, ‘ಅಮ್ಮತ್ತಿ’ ಎಂದು ಕನ್ನಡದಲ್ಲೇ ಹೆಸರಿಟ್ಟಿದ್ದೇನೆ. ತೋಟದ ಲಿನಕ್ಸ್ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪಿಸುವ ಕಿಟಕಿಯಲ್ಲಿ, ಅವು ಬರೀ ಚೌಕಗಳು. ಮಡಿಕೇರಿ ಆಫೀಸಿನ ಸರ್ವರಿಗೆ ಪುಟ್ಟಿ (ದೂರದ ಕಂಪ್ಯೂಟರಿಗೆ ಸಂಪರ್ಕಿಸುವ ತಂತ್ರಾಂಶ) ಮೂಲಕ ಲಾಗಿನ್ ಆದರೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಎಲ್ಲ ಅಳಿಸಿ ಇಂಗ್ಲಿಷ್ ಹೆಸರಿನಲ್ಲಿ ಮತ್ತೆ ಮಾಡಲೇ ಸರ್?

ಉತ್ತರ: ದಯವಿಟ್ಟು ಏನನ್ನೂ ಅಳಿಸಬೇಡಿ. ನಾವು ಟೈಪಿಸಿದ ಕಮಾಂಡ್ ಓದಿ ನಡೆಸುವ ಶೆಲ್‌ಗೆ ಪ್ರಶ್ನಾರ್ಥಕ ಚಿಹ್ನೆ ಎಂದರೆ ‘ಯಾವುದಾದರೂ ಒಂದು ಅಕ್ಷರ’. ತೆರೆಯಲ್ಲಿ ಕಂಡಷ್ಟು ಚಿಹ್ನೆ ಟೈಪಿಸಿ ಅಳಿಸಿದರೆ ಅಷ್ಟೇ ಉದ್ದದ ಹೆಸರಿರುವ ಬೇರೆ ಫೈಲುಗಳೂ ಹೋಗುತ್ತವೆ.

ಮೊದಲು ಆ ಚಿಹ್ನೆಗಳನ್ನು ಎಣಿಸಿ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ‘ಬಟವಾಡೆ’ಗೆ 6 ಸಂಕೇತ: ಬ, ಟ, ವ, ದೀರ್ಘ, ಡ, ಎತ್ವ. ಆ ಸಂಕೇತಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಆ ಹೆಸರಿಗೆ 18 ಚಿಹ್ನೆ ಕಂಡರೆ ಬೈಟುಗಳೆಲ್ಲ ಭದ್ರವಾಗಿವೆ, ಸರ್ವರಿಗೆ ಓದಲು ಬರುತ್ತಿಲ್ಲ ಅಷ್ಟೆ. 6 ಮಾತ್ರ ಇದ್ದರೆ ಕಾಪಿ ಮಾಡುವಾಗಲೇ ಹೆಸರು ಅಳಿದಿರಬಹುದು. ಒಳಗಿನ ಲೆಕ್ಕಕ್ಕೆ ಅದರಿಂದ ಧಕ್ಕೆಯಿಲ್ಲ.

18 ಇದ್ದರೆ ಸರ್ವರಿನಲ್ಲಿ ‘ಲೋಕೇಲ್’ (locale) ಕಮಾಂಡ್ ಕೊಡಿ; ಭಾಷೆ, ಅಕ್ಷರಗಳ ಸೆಟ್ಟಿಂಗನ್ನು ಅದು ತೋರಿಸುತ್ತದೆ. ‘ಸಿ’ (C) ಅಥವಾ ‘ಪೊಸಿಕ್ಸ್’ (POSIX), ಅಂದರೆ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲ ಸೆಟ್ಟಿಂಗ್, ಎಂದು ಬಂದರೆ ಅದೇ ಮೂಲ. ಹೆಸರಿನ ಕೊನೆಯಲ್ಲಿ ಯುಟಿಎಫ್-8 ಇರುವ ಲೋಕೇಲ್‌ಗೆ ಬದಲಿಸಲು ಸರ್ವರ್ ನೋಡಿಕೊಳ್ಳುವವರಿಗೆ ಹೇಳಿ. ಅದು ಕನ್ನಡದ್ದೇ ಆಗಬೇಕೆಂದಿಲ್ಲ. ಪುಟ್ಟಿಯ ಸೆಟ್ಟಿಂಗ್‌ನಲ್ಲೂ ವಿಂಡೋ, ಟ್ರಾನ್ಸ್‌ಲೇಷನ್ ಒಳಗೆ ಯುಟಿಎಫ್-8 ಆರಿಸಿರಬೇಕು.

ತೋಟದ ಕಂಪ್ಯೂಟರಿನದು ಬೇರೆ ಕಾಯಿಲೆ. ಚೌಕ ಬಂದಿದೆ ಎಂದರೆ ಸಂಕೇತ ಸರಿಯಾಗಿ ತಲುಪಿದೆ, ಬಿಡಿಸಲು ಫಾಂಟ್ ಇಲ್ಲ. ಲೋಹಿತ್ ಕನ್ನಡ ಅಥವಾ ನೋಟೊ ಸಾನ್ಸ್ ಕನ್ನಡ ಹಾಕಿ, ಟರ್ಮಿನಲ್ಲಿನ ಎಲ್ಲ ಕಿಟಕಿ ಮುಚ್ಚಿ ತೆರೆಯಿರಿ. ಈಗಿನ ಬಹುತೇಕ ಟರ್ಮಿನಲ್‌ಗಳು ಅದನ್ನು ತಾವೇ ಹುಡುಕಿಕೊಳ್ಳುತ್ತವೆ.

ಇಷ್ಟಾದ ಮೇಲೆ ‘ಬಟವಾಡೆ’ ಬಂದೀತು, ‘ಅಮ್ಮತ್ತಿ’ ಮಾತ್ರ ಒತ್ತು ಬಿಡಿಬಿಡಿಯಾಗಿ ‘ಮ್’, ‘ಮ’ ಎಂದು ಒಡೆದು ಕಾಣಬಹುದು. ಟರ್ಮಿನಲ್ ತೆರೆಯನ್ನು ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದ ಹಾಗೆ ಸಮನಾದ ಮನೆಗಳಾಗಿ ಹಂಚುತ್ತದೆ. ಮ, ಹಲಂತ, ಮ ಸೇರಿ ಒಂದೇ ಆಕಾರವಾಗುವ ನಮ್ಮ ಬರವಣಿಗೆ ಆ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ. ಎಕ್ಸ್‌ಟರ್ಮ್ (xterm) ಎಂಬ ಹಳೆಯ ಟರ್ಮಿನಲ್ ಒತ್ತು ಜೋಡಿಸುವುದೇ ಇಲ್ಲ. ಕಾನ್ಸೋಲ್ (Konsole) ಎಂಬ ಟರ್ಮಿನಲ್ ಬಳಸಿ ನೋಡಿ, ಕನ್ನಡಕ್ಕೆ ನಾನು ಅದನ್ನೇ ಮೊದಲು ಹೇಳುವುದು. ಅಲ್ಲೂ ಒಡೆದರೆ ಹೆಸರನ್ನು ಫೈಲ್ ಮ್ಯಾನೇಜರ್‌ನಲ್ಲಿ ಓದಿಕೊಳ್ಳಿ, ಆದರೆ ಕನ್ನಡ ಹೆಸರು ಬದಲಿಸಬೇಡಿ.